ಮುಂದಕ್ಕೆ ಬಿಟ್ಟ ಕಬ್ಬಿಣ

"ಸುಳ್ಳು ಹೇಳ್ಬೇಡ ಅಪ್ಪ! ಇದೇನು ತಾನಾಗೇ ಬೆಳೀತಾ ಇಲ್ಲಿ? ಕಬ್ಬಿಣ ಏನು ಗರಿಕೇನಾ?"

ಟೀಚರಮ್ಮನ ಮನೆಯ ತಾರಸಿಯ ಮೇಲೆ ನಿಂತು ನನ್ನ ಮಗಳು ಸುತ್ತಿಗೆಯನ್ನು ನನ್ನ ಮುಖದ ಕಡೆಗೆ ಚಾಚಿದ್ದಳು. ಅವಳ ಕಾಲ ಬಳಿ ಒಡೆದ ಗಾರೆಯ ಪುಡಿ ಬಿದ್ದಿತ್ತು. ಹಳೆಯ ಸ್ಲ್ಯಾಬಿಗೂ ಹೊಸ ಸ್ಲ್ಯಾಬಿಗೂ ನಡುವೆ ಒಂದು ಗೆರೆ ಇರುತ್ತದೆ, ನೋಡುವವರಿಗೆ ಗೊತ್ತಾಗುತ್ತದೆ. ಆ ಗೆರೆಯನ್ನೇ ಹುಡುಕಿ ಒಡೆದಿದ್ದಳು. ಬೆರಳು ದಪ್ಪದ ಕಬ್ಬಿಣ ಹಳೆಯದರೊಳಗಿಂದ ಹೊರಟು ಹೊಸದರೊಳಗೆ ಹೋಗಿತ್ತು.

"ಕಿರುಚಬೇಡ. ಕೆಳಗೆ ಟೀಚರಮ್ಮ ಇದಾರೆ."

"ಇರ್ಲಿ ಬಿಡು. ಅವರಿಗೆ ಗೊತ್ತಿಲ್ಲದ್ದು ಏನಿದೆ? ಗೊತ್ತಿಲ್ಲದೆ ಇದ್ದಿದ್ದು ನನಗೊಬ್ಬಳಿಗೇ."

"ಒಳಂಗಳದ ಮೇಲೆ ಮುಚ್ಚಿಸಿಕೊಡಿ ಮೇಸ್ತ್ರಿ ಅಂದ್ರು, ಮುಚ್ಚಿಕೊಟ್ಟೆ. ಅವರ ಮನೆ, ಅವರ ತಲೆ."

"ಮುಚ್ಚಿದ್ದು ಎಂಟು ತಿಂಗಳ ಹಿಂದೆ. ಈ ಕಬ್ಬಿಣ ಬಿಟ್ಟಿದ್ದು ಎರಡು ವರ್ಷದ ಹಿಂದೆ, ಮನೆ ಕಟ್ಟೋವಾಗಲೇ. ಅವರು ಬಾಯಿ ತೆಗೆಯೋಕೆ ಮುಂಚೇನೇ ನೀನು ಮುಚ್ಚೋಕೆ ರೆಡಿ ಮಾಡಿಟ್ಟಿದ್ದೆ. ಹೌದೋ ಅಲ್ವೋ?"

ಹೌದು. ಆದರೆ ಹೌದು ಎನ್ನಲು ನನಗೆ ಬಾಯಿ ಬರಲಿಲ್ಲ. ಬಾಯಿ ಬರದೆ ಹೋದಾಗ ನನಗೆ ಬರುವುದು ಸಿಟ್ಟು ಒಂದೇ.

"ಮೂವತ್ತು ವರ್ಷದಿಂದ ಕರಣೆ ಹಿಡಿದಿದೀನಿ ಕಣೇ. ನಿನ್ನೆ ಮೊನ್ನೆ ಪೆನ್ಸಿಲ್ ಹಿಡಿದೋಳು ನನ್ನನ್ನ ವಿಚಾರಣೆ ಮಾಡ್ತೀಯಾ?"

"ಎಷ್ಟು ಮನೆ ಅಪ್ಪ?"

"ಏನು ಎಷ್ಟು ಮನೆ?"

"ಎಷ್ಟು ಮನೇಲಿ ಹಿಂಗೆ ಬಿಟ್ಟಿದೀಯಾ?"

ಅಷ್ಟರಲ್ಲಿ ಕೆಳಗಿನಿಂದ ಟೀಚರಮ್ಮನ ದನಿ ಬಂತು. "ಮೇಸ್ತ್ರಿಗಳೇ, ಕಾಫಿ ಇಡ್ಲಾ? ಇಬ್ಬರಿಗೂ ಸಕ್ಕರೆ ಹಾಕ್ಲಾ?" ಪಾಪ, ಅವರಿಗೆ ಏನು ಹೇಳಬೇಕೋ ತಿಳಿದಿರಲಿಲ್ಲ. ನಾನು ಸಕ್ಕರೆ ಬೇಡ ಎಂದೆ. ಮಗಳು ಕಾಫಿಯೇ ಬೇಡ ಎಂದು ಸುತ್ತಿಗೆಯನ್ನು ನನ್ನ ಕಾಲ ಬಳಿ ಇಟ್ಟು ಏಣಿ ಇಳಿದಳು.

ಸಿಕ್ಕಿಬಿದ್ದದ್ದು ಹೇಗೆ ಎಂದು ಹೇಳುತ್ತೇನೆ. ಮಗಳು ತಾನು ಪ್ಲಾನು ಹಾಕಿದ ಪ್ರತಿ ಮನೆಯ ಗೋಡೆಗೂ ಒಂದು ಉಷ್ಣಮಾಪಕ ತೂಗುಹಾಕಿ, ಪಕ್ಕದಲ್ಲಿ ಒಂದು ನೋಟ್‌ಬುಕ್ ಕಟ್ಟಿ, ದಿನಾ ಮಧ್ಯಾಹ್ನ ಎರಡು ಗಂಟೆಗೆ ಎಷ್ಟು ಸೆಕೆ ಎಂದು ಬರೆಯಲು ಹೇಳಿದ್ದಳು. ತಿಂಗಳಿಗೊಮ್ಮೆ ಅದರ ಫೋಟೋ ಅವಳ ಫೋನಿಗೆ ಬರುತ್ತಿತ್ತು. ಉಳಿದವರು ಬಾಯಿಗೆ ಬಂದದ್ದು ಬರೆಯುತ್ತಿದ್ದರು. ಮೊದಲನೇ ಮನೆಯ ನರ್ಸಮ್ಮನಂತೂ ಒಂದೇ ದಿನ ಕೂತು ಇಡೀ ತಿಂಗಳದ್ದು ತುಂಬಿಸಿಬಿಡುತ್ತಿದ್ದಳು. ಟೀಚರಮ್ಮನಿಗೆ ಮಾತ್ರ ಸುಳ್ಳು ಅಂಕಿ ಬರೆದು ಅಭ್ಯಾಸವಿಲ್ಲ. ಅಂಗಳ ಮುಚ್ಚಿದ ಮೇಲೆ ಮನೆಯ ಸೆಕೆ ಮೂರು ಡಿಗ್ರಿ ಏರಿತ್ತು, ಅದನ್ನು ಹಾಗೆಯೇ ಬರೆದಿದ್ದರು. ಮೊದಮೊದಲು ಮಗಳು ಉಷ್ಣಮಾಪಕ ಕೆಟ್ಟಿದೆ ಎಂದುಕೊಂಡಳು. ಹೊಸದೊಂದು ಕೊಂಡು, ಬದಲಾಯಿಸಲು ಹೋದಳು. ಬಾಗಿಲು ತೆರೆದರೆ, ಬಿಸಿಲು ಬೀಳಬೇಕಾದ ಜಾಗದಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿತ್ತು.

ಅವಳ ಮನೆಗಳ ವಿಷಯ ಹೇಳದಿದ್ದರೆ ಈ ಜಗಳ ಯಾರಿಗೂ ಅರ್ಥವಾಗುವುದಿಲ್ಲ. ಎಲ್ಲ ಸಣ್ಣ ಮನೆಗಳು. ನಾನೂರು, ನಾನೂರೈವತ್ತು ಚದರಡಿ. ಪಾಯ ತೋಡಿದ ಮಣ್ಣಿನಲ್ಲೇ ಇಟ್ಟಿಗೆ ಒತ್ತಿ, ಸುಡದೆ, ನೆರಳಿನಲ್ಲಿ ಒಣಗಿಸಿ ಗೋಡೆ. ನಡುವೆ ಹತ್ತಡಿಗೆ ಎಂಟಡಿಯ ಒಂದು ಒಳಂಗಳ, ಅದರ ತಲೆಯ ಮೇಲೆ ಏನೂ ಇಲ್ಲ, ಆಕಾಶ. ಅಡುಗೆಮನೆ, ಮಲಗುವ ಕೋಣೆ, ಕೂರುವ ಜಾಗ ಎಲ್ಲವೂ ಆ ಅಂಗಳಕ್ಕೆ ಬಾಯಿ ತೆರೆದುಕೊಂಡಿರುತ್ತವೆ. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವವಳು ಎರಡು ಹೆಜ್ಜೆ ಇಟ್ಟರೆ ಬಿಸಿಲಿನಲ್ಲಿರುತ್ತಾಳೆ. ಬಿಸಿಗಾಳಿ ಅಲ್ಲಿಂದ ಮೇಲೆ ಹೋಗುತ್ತದೆ, ತಣ್ಣನೆಯದು ಕಿಟಕಿಯಿಂದ ಒಳಗೆ ಬರುತ್ತದೆ. ಫ್ಯಾನು ಬೇಡ, ಹಗಲು ದೀಪ ಬೇಡ. "ಅಪ್ಪ, ಸಣ್ಣ ಮನೇಲಿ ಗೋಡೆ ಜಾಸ್ತಿ ಆದಷ್ಟೂ ಮನುಷ್ಯ ಸಣ್ಣವನಾಗ್ತಾನೆ" ಎನ್ನುತ್ತಿದ್ದಳು. ಓದಿದವಳು, ಮಾತು ಬರುತ್ತದೆ.

ಓದಿಸಿದವನು ನಾನು. ನಾನು ಏಳನೇ ಕ್ಲಾಸು. ನಮ್ಮ ಹಳ್ಳಿಯ ಶಾಲೆಯಲ್ಲಿ ಮೇಷ್ಟರು ಒಬ್ಬರೇ, ಅವರು ಬಾರದ ದಿನ ಶಾಲೆಯ ಗೋಡೆಗೆ ಮಣ್ಣು ಮೆತ್ತುವುದೇ ನಮ್ಮ ಪಾಠ. ಆ ಪಾಠ ಚೆನ್ನಾಗಿ ಬಂತು, ಅದನ್ನೇ ಹಿಡಿದೆ. ಮಗಳು ಆರ್ಕಿಟೆಕ್ಟ್ ಓದಿ ಪಾಸಾಗಿ ಬಂದು "ನಾನು ಬರೀತೀನಿ, ನೀನು ಕಟ್ಟು" ಎಂದ ದಿನ ನಾನು ಗೋಡೆ ನೆಟ್ಟಗಿದೆಯೇ ಎಂದು ನೋಡುವ ಒಂದು ಹೊಸ ತೂಕದ ಗುಂಡು ಕೊಂಡೆ. ಹಿತ್ತಾಳೆಯದು. ಯಾಕೆ ಕೊಂಡೆನೋ, ಹಳೆಯದು ಚೆನ್ನಾಗಿಯೇ ಇತ್ತು.

ಮೊದಲನೆಯದು ನರ್ಸಮ್ಮನ ಮನೆ. ಗೃಹಪ್ರವೇಶಕ್ಕೆ ಬಂದವರೆಲ್ಲ ಅಂಗಳದಲ್ಲಿ ನಿಂತು ಕತ್ತೆತ್ತಿ ನೋಡಿ ಹೊಗಳಿದರು. ಮೊದಲ ಮಳೆಗೆ ನರ್ಸಮ್ಮನ ಅತ್ತೆ ಅದೇ ಅಂಗಳದಲ್ಲಿ ಜಾರಿ ಸೊಂಟ ಮುರಿದುಕೊಂಡರು. ನರ್ಸಮ್ಮ ಫೋನು ಮಾಡಿದ್ದು ನನ್ನ ಮಗಳಿಗಲ್ಲ, ನನಗೆ. ಹೊಗಳುವವರು ಪ್ಲಾನು ಹಾಕಿದವರನ್ನು ಹೊಗಳುತ್ತಾರೆ. ಬಯ್ಯುವವರಿಗೆ ಮೇಸ್ತ್ರಿಯೇ ಬೇಕು.

"ನಿಮ್ಮ ಮಗಳು ಕಟ್ಟಿಸಿದ್ದು ಮನೇನೋ ಬಾವೀನೋ? ನಮ್ಮತ್ತೆ ಎದ್ದು ಓಡಾಡೋವರೆಗೂ ಬಂದು ಸೇವೆ ಮಾಡ್ಲಿ ಅವಳೇ!"

ನಾನು ಮಾತಾಡದೆ ಎರಡು ಭಾನುವಾರ ಹೋಗಿ ಅಂಗಳ ಮುಚ್ಚಿಕೊಟ್ಟು ಬಂದೆ. ಮಗಳಿಗೆ ಹೇಳಬೇಡಿ, ಮೊದಲನೇ ಮನೆ, ನೊಂದುಕೊಳ್ಳುತ್ತಾಳೆ ಎಂದೆ. ಅಲ್ಲಿ ಕಷ್ಟವಾಯಿತು. ಹಳೆಯ ಸ್ಲ್ಯಾಬಿನ ಅಂಚು ಒಡೆದು, ಒಳಗಿನ ಕಬ್ಬಿಣ ಹುಡುಕಿ, ಹೊಸದನ್ನು ಅದಕ್ಕೆ ಕಟ್ಟಬೇಕಾಯಿತು. ಆಗಲೇ ನನಗೆ ಬುದ್ಧಿ ಬಂತು. ಅಥವಾ ಬುದ್ಧಿ ಹೋಯಿತು, ಏನಾದರೂ ಅನ್ನಿ. ಎರಡನೆಯ ಮನೆಯಿಂದ, ಅಂಗಳದ ಸುತ್ತ ಸ್ಲ್ಯಾಬಿನ ಅಂಚಿನಲ್ಲಿ ಎರಡೆರಡು ಅಡಿ ಕಬ್ಬಿಣ ಹೊರಗೆ ಬಿಟ್ಟು, ಮೇಲಕ್ಕೆ ಬಾಗಿಸಿ, ತಾರಸಿಯ ಮೇಲಿನ ಮೋಟು ಗೋಡೆಯೊಳಗೆ ಸೇರಿಸಿ ಗಾರೆ ಮೆತ್ತಿಬಿಡುತ್ತಿದ್ದೆ. ಬೇಕಾದಾಗ ಗಾರೆ ಒಡೆದರೆ ಸಾಕು, ಕಬ್ಬಿಣ ನೆಟ್ಟಗೆ ಮಾಡಿ ಮೇಲೆ ಸ್ಲ್ಯಾಬು ಹಾಕಬಹುದು. ಎಲ್ಲ ಮೇಸ್ತ್ರಿಗಳೂ ಮುಂದೆ ಮಹಡಿ ಏಳುತ್ತದೆಂದು ಕಂಬದ ತುದಿಯಲ್ಲಿ ಕಬ್ಬಿಣ ಬಿಡುವುದಿಲ್ಲವೇ? ನಾನು ಬಿಟ್ಟದ್ದೂ ಹಾಗೆಯೇ, ಸ್ವಲ್ಪ ಕೆಳಗೆ, ಯಾರಿಗೂ ಕಾಣದ ಹಾಗೆ.

ಮತ್ತು ಮನೆಯವರ ಕಿವಿಯಲ್ಲಿ ಒಂದು ಮಾತು ಹಾಕುತ್ತಿದ್ದೆ. "ತೊಂದರೆ ಆದ್ರೆ ನನಗೆ ಹೇಳಿ. ವ್ಯವಸ್ಥೆ ಇದೆ."

ವ್ಯವಸ್ಥೆ ಇದೆ ಎಂದಮೇಲೆ ತೊಂದರೆ ಬರದೆ ಇರುತ್ತದೆಯೇ.

ಟೀಚರಮ್ಮನ ತಾರಸಿಯ ಮೇಲೆ ಜಗಳವಾದ ಆ ಸಂಜೆ ಮನೆಯಲ್ಲಿ ನಾವು ಮೂವರೇ ಊಟಕ್ಕೆ ಕೂತಿದ್ದೆವು. ನನ್ನ ಹೆಂಡತಿ ಬಡಿಸುತ್ತಿದ್ದಳು. ನಮ್ಮಿಬ್ಬರ ಮುಖ ನೋಡಿಯೇ ಅವಳಿಗೆ ಅರ್ಧ ತಿಳಿದಿತ್ತು, ಇನ್ನರ್ಧ ಟೀಚರಮ್ಮ ಫೋನಿನಲ್ಲಿ ಹೇಳಿದ್ದರು.

ಮಗಳು ಅನ್ನ ಕಲಸದೆ ಕೂತಿದ್ದಳು. "ಒಂದೊಂದಾಗಿ ಹೇಳು ಅಪ್ಪ. ನರ್ಸಮ್ಮನ ಮನೆ?"

"ಮುಚ್ಚಿದೆ. ಅವರತ್ತೆ ಅಂಗಳದಲ್ಲಿ ಜಾರಿಬಿದ್ರು."

"ಡ್ರೈವರ್ ಅಣ್ಣನ ಮನೆ?"

"ಮುಚ್ಚಿದೆ. ಪಕ್ಕದ ಮಹಡಿ ಮನೆಯವರು ಇಣುಕ್ತಾರೆ ಅಂತ ಅವನ ಹೆಂಡತಿ ಹೇಳಿದ್ಲು."

"ಕನ್ನಡಕದ ಅಂಗಡಿಯವರದ್ದು?"

"ಅದೂ."

"ಆ ಅಕ್ಕ ತಂಗಿ, ಗಿಡ ಮಾರೋರು?"

"ಅವರದ್ದು ತೆರೆದೇ ಇದೆ. ಅವರು ಗಿಡದ ಜತೆ ಅಲ್ಲೇ ಮಲಗ್ತಾರೆ. ಅವರ ತಲೆ ಮೊದಲೇ ಸರಿ ಇಲ್ಲ."

"ಅಲ್ಲೂ ಕಬ್ಬಿಣ ಬಿಟ್ಟಿದೀಯಾ?"

"ಬಿಟ್ಟಿದೀನಿ."

"ಪೋಸ್ಟ್‌ಮ್ಯಾನ್?"

"ತೆರೆದಿದೆ. ಮಳೆಗಾಲಕ್ಕೆ ಮುಂಚೆ ಮುಚ್ಚಿಕೊಡಿ ಅಂತ ಹೇಳಿಟ್ಟಿದಾನೆ."

ಹೆಂಡತಿ ಸೌಟು ಹಿಡಿದು ನಿಂತವಳು, "ಅಯ್ಯೋ ರೀ, ಆರರಲ್ಲಿ ನಾಲ್ಕು!" ಎಂದಳು. ಅವಳಿಗೆ ಲೆಕ್ಕ ಮಾಡುವ ಹೊತ್ತು ಅದು.

"ನೀನು ಸುಮ್ನಿರು."

"ನಾನು ಯಾಕೆ ಸುಮ್ನಿರ್ಲಿ? ಭಾನುವಾರ ಭಾನುವಾರ ಗೆಳೆಯರ ಮನೆಗೆ ಹೋಗಿಬರ್ತೀನಿ ಅಂತ ಹೋಗಿ, ಸಿಮೆಂಟು ಮೆತ್ತಿಕೊಂಡು ಬರ್ತಿದ್ರಿ. ಇವರ ಗೆಳೆಯರು ಏನು ಸಿಮೆಂಟಲ್ಲಿ ಸ್ನಾನ ಮಾಡ್ತಾರಾ ಅಂದುಕೊಂಡೆ."

ಬೇರೆ ದಿನವಾಗಿದ್ದರೆ ಮೂವರೂ ನಗುತ್ತಿದ್ದೆವು. ಮಗಳು ನಗಲಿಲ್ಲ.

"ಪ್ರತಿ ಸಲ ನಾನು ಕೇಳಿದೆ. ಅಪ್ಪ, ಅವರ ಮನೆ ಹೇಗಿದೆ, ಆ ಕಡೆ ಹೋಗಿದ್ದೆಯಲ್ಲ, ಅಂಗಳ ಹೇಗಿದೆ ಅಂತ. ಚೆನ್ನಾಗಿದೆ ಅಂದೆ. ಹೋದ ತಿಂಗಳು ಕಾಲೇಜಲ್ಲಿ ಅರವತ್ತು ಜನದ ಮುಂದೆ ನಿಂತು ಆರೂ ಮನೆ ಕಟ್ಟಿದ ಹಾಗೇ ಇವೆ ಅಂತ ಹೇಳಿ ಬಂದೆ. ಚಪ್ಪಾಳೆ ಹೊಡೆದ್ರು ಅಪ್ಪ. ನೀನೂ ಹಿಂದಿನ ಸಾಲಲ್ಲಿ ಕೂತು ಚಪ್ಪಾಳೆ ಹೊಡೆದೆ."

ಹೊಡೆದಿದ್ದೆ. ಜೋರಾಗಿಯೇ ಹೊಡೆದಿದ್ದೆ.

"ನಿನಗೆ ನೋವಾಗಬಾರದು ಅಂತ ಮಾಡಿದ್ದು ಕಣೇ. ಜನ ನಿನ್ನನ್ನ ಬಯ್ಯೋದನ್ನ ನಾನು ಕೇಳಿಸಿಕೊಂಡೆ. ನಿನ್ನ ಕಿವಿಗೆ ಒಂದು ಬೀಳದ ಹಾಗೆ ನೋಡಿಕೊಂಡೆ. ಅದು ತಪ್ಪಾ?"

"ತಪ್ಪು" ಎಂದಳು. ದನಿ ಏರಿಸಲಿಲ್ಲ. "ಅತ್ತೆ ಜಾರಿಬಿದ್ರು ಅಂತ ಅವತ್ತೇ ಹೇಳಿದ್ರೆ, ಎರಡನೇ ಮನೆಗೆ ಒರಟು ಕಲ್ಲು ಹಾಕಿಸ್ತಿದ್ದೆ. ಪಕ್ಕದ ಮಹಡಿಯವರು ಇಣುಕ್ತಾರೆ ಅಂತ ಹೇಳಿದ್ರೆ ಮೂರನೇ ಮನೇಲಿ ಗೋಡೆ ಎತ್ತರ ಮಾಡ್ತಿದ್ದೆ. ಆರು ಸಲ ಒಂದೇ ತಪ್ಪು ಮಾಡಿಸಿದೆ ನನ್ನ ಕೈಲಿ. ನನಗೆ ಕೆಲಸ ಕಲಿಯೋಕೇ ಬಿಡಲಿಲ್ಲ ನೀನು."

ತಟ್ಟೆಯಲ್ಲೇ ಕೈ ತೊಳೆದು ಎದ್ದೆ. ಹಿಂದಿನಿಂದ ಹೆಂಡತಿ, "ಅನ್ನದ ಮೇಲೆ ಸಿಟ್ಟು ತೀರಿಸಿಕೊಳ್ಳೋದು ಒಂದು ಕಲಿತಿದ್ದೀರಿ" ಎಂದಳು.

ಆಮೇಲೆ ಎರಡು ವಾರ ಮಗಳು ನನ್ನ ಜತೆ ಮಾತಾಡಲಿಲ್ಲ. ಆ ಎರಡು ವಾರದಲ್ಲಿ ಆರೂ ಮನೆಗೆ ಹೋದಳು. ಒಬ್ಬಳೇ ಹೋಗಿ, ಕೂತು, ಬಯ್ಯಿಸಿಕೊಂಡು ಬಂದಳು. ನರ್ಸಮ್ಮನ ಅತ್ತೆ ಕೋಲು ಊರಿಕೊಂಡು ಬಂದು ತಾನು ಬಿದ್ದ ಜಾಗ ತೋರಿಸಿದರಂತೆ. ಬರೆದುಕೊಂಡು ಬಂದದ್ದು ನಾಲ್ಕು ಪುಟ. ಮಳೆ ಓರೆಯಾಗಿ ಬಂದರೆ ಒಲೆಯ ತನಕ ಸಿಡಿಯುತ್ತದೆ. ಬೆಕ್ಕು ಇಳಿದು ಹಾಲು ಕುಡಿಯುತ್ತದೆ. ಮನೆಗೆ ಬೀಗ ಹಾಕಿ ಊರಿಗೆ ಹೋದರೆ ಕಳ್ಳನಿಗೆ ಮೇಲಿನ ಬಾಗಿಲು ತೆರೆದೇ ಇರುತ್ತದೆ. ಇದೆಲ್ಲ ನನಗೆ ಮೊದಲೇ ಗೊತ್ತಿದ್ದದ್ದೇ.

ಆಗ ನಮ್ಮ ಕೈಯಲ್ಲಿ ಇದ್ದದ್ದು ಏಳನೆಯ ಮನೆ, ಟೈಲರ್‌ನದ್ದು. ಗಂಡ ಹೆಂಡತಿ ಇಬ್ಬರೂ ಹೊಲಿಯುವವರು. ಗೋಡೆ ಎದೆಮಟ್ಟಕ್ಕೆ ಬಂದಿತ್ತು. ಮಗಳು ಪ್ಲಾನು ಹಿಡಿದು ಸೈಟಿಗೆ ಬಂದಳು. ಮರಳಿನ ರಾಶಿಯ ಮೇಲೆ ಹಾಳೆ ಹರಡಿ, ನಾಲ್ಕು ಮೂಲೆಗೂ ಕಲ್ಲು ಇಟ್ಟಳು. ಎಲ್ಲ ಬದಲಾಗಿತ್ತು. ಅಂಗಳದ ತೆರೆದ ಬಾಯಿ ಹತ್ತಡಿಯಿಂದ ಆರಕ್ಕೆ ಇಳಿದಿತ್ತು. ಸ್ಲ್ಯಾಬಿನ ಅಂಚು ಸುತ್ತಲೂ ಎರಡಡಿ ಒಳಕ್ಕೆ ಚಾಚಿ, ಸಿಡಿಯುವ ನೀರನ್ನು ತಡೆಯುತ್ತಿತ್ತು. ಅಂಚಿನ ಅಡಿಯಲ್ಲಿ ನೀರು ಹಿಂದಕ್ಕೆ ಹರಿಯದ ಹಾಗೆ ಒಂದು ಗೀರು. ನೆಲಕ್ಕೆ ಒರಟು ಕಲ್ಲು, ಒಂದೇ ಕಡೆಗೆ ಇಳಿಜಾರು. ಮೇಲೆ ಕಬ್ಬಿಣದ ಜಾಲರಿ, ಕೆಳಗೆ ನಿಂತು ಹಗ್ಗ ಎಳೆದರೆ ಜಾರಿ ಮುಚ್ಚಿಕೊಳ್ಳುತ್ತದೆ, ಒಳಗಿನಿಂದ ಬೀಗ. ಮುಚ್ಚಿದರೂ ಬೆಳಕು, ಗಾಳಿ ಬರುತ್ತದೆ, ಬೆಕ್ಕು ಕಳ್ಳ ಇಬ್ಬರೂ ಬರುವುದಿಲ್ಲ. ಹೊಲಿಗೆ ಮಷೀನು ಎರಡೂ ಅಂಗಳದ ಅಂಚಿಗೆ, ಸೂಜಿಯ ಮೇಲೆ ನೇರ ಬೆಳಕು ಬೀಳುವ ಹಾಗೆ.

ಚೆನ್ನಾಗಿತ್ತು. ಅಷ್ಟು ಚೆನ್ನಾಗಿತ್ತು ಎಂದೇ ನನ್ನ ಹೊಟ್ಟೆ ಉರಿದದ್ದು. ಈ ಅಂಗಳ ಯಾರೂ ಮುಚ್ಚದೆ ಹಾಗೇ ಉಳಿದರೆ, ಮೂರು ವರ್ಷ ನಾನು ಮಾಡಿದ್ದೆಲ್ಲ ಏನು ಎಂದು ಲೆಕ್ಕವಾಗುತ್ತದೆ?

ಟೈಲರ್‌ನ ಹೆಂಡತಿ ಹಾಳೆಯನ್ನು ಬಗ್ಗಿ ನೋಡಿ, "ಅಕ್ಕ, ನಾನು ಇಲ್ಲಿ ಕೂತು ಗುಂಡಿ ಹಚ್ಚಬಹುದಾ?" ಎಂದಳು. ಅವಳು ಇಪ್ಪತ್ತು ವರ್ಷ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಲ್ಬಿನಡಿ ಗುಂಡಿ ಹಚ್ಚಿ ಹಚ್ಚಿ ಕಣ್ಣು ಕೆಡಿಸಿಕೊಂಡಿದ್ದವಳು.

"ಇದು ನಿಮಗೆ ಅಂತಾನೇ" ಎಂದಳು ಮಗಳು. ಆಮೇಲೆ ನನ್ನ ಕಡೆ ತಿರುಗಿದಳು. ಎರಡು ವಾರದಲ್ಲಿ ಮೊದಲ ಸಲ.

"ಅಪ್ಪ, ಈ ಮನೇಲಿ ಕಬ್ಬಿಣ ಬಿಡಬಾರದು."

"ಆಯ್ತು."

"ಆಯ್ತು ಅಂದ್ರೆ?"

"ಆಯ್ತು ಅಂದ್ರೆ ಆಯ್ತು. ಇನ್ನೇನು ಬಾಂಡ್ ಪೇಪರಲ್ಲಿ ಬರೆದುಕೊಡ್ಲಾ?"

"ಬೇಡ. ನೀನು ಹೇಳಿದ್ರೆ ಸಾಕು. ಇನ್ನೊಂದು ಸಲ ನನಗೆ ಗೊತ್ತಿಲ್ಲದ ಹಾಗೆ ಏನಾದ್ರೂ ಮಾಡಿದ್ರೆ ನಾನು ನಿನ್ನ ಜತೆ ಕೆಲಸ ಮಾಡಲ್ಲ. ನಿನ್ನ ಮನೇಲೂ ಇರಲ್ಲ. ಹೇಳಿದೀನಿ."

"ಹೆದರಿಸ್ತೀಯಾ?"

"ಇಲ್ಲ ಅಪ್ಪ. ಮುಂಚೇನೇ ಹೇಳ್ತಿದೀನಿ. ನಿನ್ನ ಹಾಗೆ ಬಚ್ಚಿಡೋಕೆ ಬರಲ್ಲ ನನಗೆ."

ಆಳುಗಳು ಕೇಳಿಸಿಕೊಂಡರು. ಮರಳು ಜರಡಿ ಹಿಡಿಯುತ್ತಿದ್ದ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡಳು.

ಸ್ಲ್ಯಾಬು ಹಾಕುವ ದಿನ ಬೆಳಿಗ್ಗೆ ಆರಕ್ಕೇ ಮಗಳು ಬಂದಳು. ಕಾಂಕ್ರೀಟು ಗಟ್ಟಿಯಾಗುವ ತನಕ ಹೊರುವ ಸೆಂಟ್ರಿಂಗ್ ಹಲಗೆಯ ಮೇಲೆ ಹತ್ತಿ, ಕಟ್ಟಿದ ಕಬ್ಬಿಣವನ್ನೆಲ್ಲ ಒಂದೊಂದಾಗಿ ನೋಡಿದಳು. ಅಂಗಳದ ಅಂಚಿನಲ್ಲಿ ಮೊಣಕಾಲೂರಿ ಬೆರಳಾಡಿಸಿ ನೋಡಿದಳು. ಎಲ್ಲ ಪ್ಲಾನಿನಂತೆ ಇತ್ತು. ಎದ್ದು ನಿಂತು, "ಚೆನ್ನಾಗಿ ಕಟ್ಟಿಸಿದೀಯಾ ಅಪ್ಪ" ಎಂದಳು. ಜಾಲರಿ ಮಾಡುವ ವೆಲ್ಡಿಂಗ್ ಅಂಗಡಿಗೆ ಹೋಗಿ ಅಳತೆ ಕೊಟ್ಟು ಮಧ್ಯಾಹ್ನ ಬರುತ್ತೇನೆಂದು ಹೋದಳು.

ಮಿಕ್ಸರ್ ಶುರುವಾಯಿತು. ಹದಿನಾಲ್ಕು ಜನ ಸಾಲಾಗಿ ನಿಂತು ಕಾಂಕ್ರೀಟು ತುಂಬಿದ ಬಾಂಡ್ಲಿ ದಾಟಿಸುತ್ತಿದ್ದರು. ಹತ್ತು ಗಂಟೆಯ ಹೊತ್ತಿಗೆ ಅಂಗಳದ ಎರಡು ಬದಿ ತುಂಬಿತ್ತು. ಟೈಲರ್ ಏಣಿ ಹತ್ತಿ ಬಂದು ನನ್ನ ಪಕ್ಕ ಕೂತು, ಹೆಂಡತಿ ಕೆಳಗಿದ್ದಾಳೋ ಎಂದು ಬಗ್ಗಿ ನೋಡಿ, ಮೆಲ್ಲಗೆ ಕೇಳಿದ.

"ಅಣ್ಣ, ಮುಂದೆ ಯಾವತ್ತಾದ್ರೂ ಇಲ್ಲೊಂದು ರೂಮ್ ಬೇಕು ಅನ್ನಿಸಿದ್ರೆ?"

"ಯಾಕೆ, ಬೇಕಾ?"

"ಈಗೇನಿಲ್ಲ. ನನ್ನ ತಮ್ಮ ಬಂದ್ರೆ ಗಿಂದ್ರೆ ಅಂತ. ಸುಮ್ನೆ ಕೇಳಿದೆ."

ಸುಮ್ಮನೆ ಕೇಳಿದ. ನಾನೂ ಸುಮ್ಮನೆ, "ವ್ಯವಸ್ಥೆ ಮಾಡೋಣ" ಎಂದುಬಿಟ್ಟೆ. ಬಾಯಿಗೆ ಅಷ್ಟು ಅಭ್ಯಾಸವಾಗಿತ್ತು. ಅವನು ಇಳಿದುಹೋದ. ಹೇಳಿದ ಮಾತನ್ನು ಅಲ್ಲಿಗೇ ಬಿಡಬಹುದಿತ್ತು. ಟೈಲರ್ ಏನು ಬಂದು ಅಳೆದು ನೋಡುತ್ತಿದ್ದನೇ? ಆದರೆ ನನ್ನ ತಲೆಯೊಳಗೆ ಇನ್ನೊಂದು ಕೂತಿತ್ತು. ಐದು ವರ್ಷಕ್ಕೋ ಹತ್ತು ವರ್ಷಕ್ಕೋ ಇವನೂ ಮುಚ್ಚಿಸಿಯೇ ಮುಚ್ಚಿಸುತ್ತಾನೆ, ಆಗ ನನ್ನ ಮಗಳಿಗೆ ಗೊತ್ತಾಗಲಿ ಅಪ್ಪ ಯಾಕೆ ಹಾಗೆ ಮಾಡುತ್ತಿದ್ದ ಎಂದು. ಗೆಲ್ಲಬೇಕಿತ್ತು ನನಗೆ, ಅಷ್ಟೇ. ಮಗಳ ಮೇಲೆ ಗೆಲ್ಲಬೇಕು ಎನ್ನುವ ಅಪ್ಪನಿಗೆ ಏನು ಹೇಳುತ್ತಾರೋ, ನನಗೆ ಹೇಳಿ.

ಕಬ್ಬಿಣ ಕತ್ತರಿಸಿ ಉಳಿದ ತುಂಡುಗಳು ಮೂಲೆಯಲ್ಲಿ ಬಿದ್ದಿದ್ದವು. ಎಂಟು ತುಂಡು ಆರಿಸಿ, ಒಂದು ತುದಿ ಬಾಗಿಸಿ, ಅಂಗಳದ ಅಂಚಿನ ಹಸಿ ಕಾಂಕ್ರೀಟಿನೊಳಗೆ ಒಂದೊಂದಾಗಿ ಚುಚ್ಚಿ ನಿಲ್ಲಿಸಿದೆ. ಕಟ್ಟಲಿಲ್ಲ, ಬರೀ ಸಿಕ್ಕಿಸಿದ್ದು. ಸಂಜೆ ಮೋಟು ಗೋಡೆಗೆ ಒಂದು ಸಾಲು ಇಟ್ಟಿಗೆ ಇಟ್ಟು ಮರೆಮಾಡಿದರೆ ಆಯಿತು ಎಂದುಕೊಂಡೆ.

ಕೆಳಗೆ, ಅಂಗಳ ಆಗುವ ಜಾಗದಲ್ಲಿ, ಆಳುಗಳಿಗೆ ಟೀ ಸೋಸುತ್ತಿದ್ದ ಟೈಲರ್‌ನ ಹೆಂಡತಿ ತಲೆಯೆತ್ತಿ ನೋಡಿದಳು.

"ಮೇಸ್ತ್ರಿ ಅಣ್ಣ, ಅದೇನದು ಕೊಂಬು ಬಂದ ಹಾಗೆ?"

"ಏನಿಲ್ಲಮ್ಮ. ಮುಂದಕ್ಕೆ ಇರ್ಲಿ ಅಂತ."

"ಯಾವ ಮುಂದಕ್ಕೆ?"

"ಮುಂದೆ ಮುಚ್ಚಬೇಕು ಅನ್ನಿಸಿದ್ರೆ ಸುಲಭ ಆಗ್ಲಿ ಅಂತ."

ಅವಳು ಟೀ ಜರಡಿ ಕೆಳಗಿಟ್ಟಳು. "ಯಾರಿಗೆ ಅನ್ನಿಸೋದು? ಯಾರು ಕೇಳಿದ್ರು ನಿಮ್ಮನ್ನ?" ಎಂದಳು. ಆಮೇಲೆ ಗಂಡನ ಕಡೆ ನೋಡಿದಳು. ಅವನು ಮಿಕ್ಸರ್ ಹತ್ತಿರ ಏನೋ ಕೆಲಸವಿರುವವನ ಹಾಗೆ ಹೋದ. "ಇವರು ನನ್ನ ಬೆಳಕು ಮುಚ್ಚಿ ತಮ್ಮನನ್ನ ತಂದು ಕೂರಿಸೋಕೆ ನೋಡ್ತಿದಾರೆ, ನೀವು ಅದಕ್ಕೆ ಕೊಕ್ಕೆ ಹಾಕಿಕೊಡ್ತಿದೀರಿ!" ಎಂದು ಹೇಳಿ ಫೋನು ತೆಗೆದುಕೊಂಡು ಹೊರಗೆ ಹೋದಳು.

ಯಾರಿಗೆ ಫೋನು ಮಾಡಿದಳೆಂದು ನನಗೆ ತಿಳಿಯಿತು. ವೆಲ್ಡಿಂಗ್ ಅಂಗಡಿ ಹತ್ತು ನಿಮಿಷದ ದಾರಿ. ಆ ಹತ್ತು ನಿಮಿಷದಲ್ಲಿ ನಾನು ಎಂಟೂ ತುಂಡು ಕಿತ್ತು ಬಿಸಾಡಬಹುದಿತ್ತು. ಬಾಂಡ್ಲಿ ನಿಂತಿತೆಂದು ಆಳುಗಳ ಮೇಲೆ ಕೂಗಾಡಿದೆ.

ಮಗಳು ಏಣಿ ಹತ್ತಿ ಬಂದಳು. ಓಡಿ ಬಂದಿದ್ದಳು, ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಹಲಗೆಯ ಮೇಲೆ ನಡೆದು ಬಂದು ನನ್ನೆದುರು ನಿಂತಳು. ಮಿಕ್ಸರ್‌ನವನು ಮಿಕ್ಸರ್ ನಿಲ್ಲಿಸಿದ. ನಿಲ್ಲಿಸು ಎಂದು ಯಾರೂ ಹೇಳಿರಲಿಲ್ಲ.

"ಇನ್ನೂ ಹಸಿ ಇದೆ ಅಪ್ಪ" ಎಂದಳು. "ಎಳೆದುಬಿಡು."

ನಾನು ಕರಣೆಯಿಂದ ಅಂಚು ಸವರುತ್ತಾ ಇದ್ದೆ.

"ನಾನು ಏನೂ ಕೇಳಲ್ಲ. ಯಾಕೆ ಮಾಡಿದೆ ಅಂತಾನೂ ಕೇಳಲ್ಲ. ಎಂಟು ತುಂಡು. ಎಳೆದು ಆ ಕಡೆ ಬಿಸಾಡು. ಬೆಳಿಗ್ಗೆ ಇದ್ದ ಹಾಗೇ ಇರೋಣ."

"ಕೆಳಗೆ ಇಳಿ. ಕೆಲಸ ನಡೀತಿದೆ."

"ಎಳಿ ಅಪ್ಪ."

ಹದಿನಾಲ್ಕು ಜನ ನೋಡುತ್ತಿದ್ದರು. ಅವರಲ್ಲಿ ಎಂಟು ಜನ ನನ್ನ ಕೈಕೆಳಗೆ ಕೆಲಸ ಕಲಿತವರು. ಮಗಳು ಹೇಳಿದಳೆಂದು ಮೇಸ್ತ್ರಿ ತಾನು ಹಾಕಿದ ಕಬ್ಬಿಣವನ್ನು ತಾನೇ ಕಿತ್ತ ಎಂದು ನಾಳೆ ಎಲ್ಲ ಸೈಟಿನಲ್ಲೂ ಮಾತಾಗುತ್ತದೆ. ಒಂದು ಕೈ ಸಾಕಿತ್ತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬರುತ್ತಿತ್ತು.

"ಇಲ್ಲಿ ಮೇಸ್ತ್ರಿ ನಾನು" ಎಂದೆ.

"ಗೊತ್ತು."

"ಗೊತ್ತಿದ್ರೆ ಇಳಿ. ನೀನು ಬರೆದದ್ದು ಬರೀ ಗೆರೆ ಕಣೇ. ನನ್ನ ಕೈ ಇಲ್ಲದೆ ಹೋದ್ರೆ ಅದರ ನೆರಳಲ್ಲಿ ಒಂದು ಕೋಳಿನೂ ಕೂರಲ್ಲ. ಮೂರು ವರ್ಷ ಹೊತ್ತು ಮೆರೆಸಿದೆ ನಿನ್ನನ್ನ. ಜನರ ಉಗುಳು ನಾನು ಒರೆಸಿಕೊಂಡೆ, ಹಾರ ನಿನಗೆ ಬಿತ್ತು. ಈಗ ಆಳುಗಳ ಮುಂದೆ ನನ್ನ ಮರ್ಯಾದೆ ತೆಗೆಯೋಕೆ ಬಂದಿದೀಯಾ? ಹೋಗು. ಹೋಗಿ ಇನ್ನೊಬ್ಬ ಮೇಸ್ತ್ರಿ ಹುಡುಕ್ಕೋ!"

ಅವಳು ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಬಿಸಿಲು ಜೋರಾಗಿತ್ತು, ಕಾಂಕ್ರೀಟಿನ ಮೇಲಿನ ನೀರು ಕಣ್ಣೆದುರೇ ಆರುತ್ತಿತ್ತು. ಅವಳು ಅದನ್ನು ನೋಡುತ್ತಿದ್ದಳು, ನಾನೂ ನೋಡುತ್ತಿದ್ದೆ. ಇಬ್ಬರಿಗೂ ಅದರ ಲೆಕ್ಕ ಗೊತ್ತು. ಇಂಥ ಬಿಸಿಲಿಗೆ ಗಟ್ಟಿಯಾಗಲು ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು. ಅವಳು ಕಾಯುತ್ತಿದ್ದಾಳೆ ಎಂದು ಗೊತ್ತಿದ್ದೂ ನಾನು ಕರಣೆ ಆಡಿಸುತ್ತಲೇ ಇದ್ದೆ.

ಆಮೇಲೆ ಬಗ್ಗಿ, ತಾನೇ ಒಂದು ತುಂಡಿಗೆ ಕೈ ಹಾಕಿದಳು. ನಾನು ಅವಳ ಮಣಿಕಟ್ಟು ಹಿಡಿದೆ. ಗಟ್ಟಿಯಾಗಿ ಹಿಡಿದೆ ಅನ್ನಿಸುತ್ತದೆ. ಅವಳು ಕಬ್ಬಿಣ ಬಿಟ್ಟು ನನ್ನ ಕೈಯನ್ನು ನೋಡಿದಳು. ನಾನು ಬಿಟ್ಟೆ. ಅವಳ ಮಣಿಕಟ್ಟಿನ ಮೇಲೆ ನನ್ನ ಐದು ಬೆರಳಿನ ಸಿಮೆಂಟು ಅಂಟಿತ್ತು.

ಏಣಿ ಇಳಿದಳು. ಕೆಳಗೆ ಟೈಲರ್‌ನ ಹೆಂಡತಿಯ ಹತ್ತಿರ ಏನೋ ಹೇಳಿದಳು, ನನಗೆ ಕೇಳಿಸಲಿಲ್ಲ. ಆ ಹೆಂಗಸು ಅವಳ ಕೈಗೆ ನೀರು ಹಾಕಿದಳು. ಮಗಳು ಕೈ ತೊಳೆದುಕೊಂಡಳು, ಚೀಲ ಹೆಗಲಿಗೆ ಹಾಕಿಕೊಂಡಳು, ಇಟ್ಟಿಗೆಯ ಸಾಲನ್ನು ಬಳಸಿಕೊಂಡು ರಸ್ತೆಗೆ ಇಳಿದಳು. ಹಿಂದೆ ಓಡಬಹುದಿತ್ತು. ಅರ್ಧ ಸ್ಲ್ಯಾಬು ಬಿಟ್ಟು ಯಾವ ಮೇಸ್ತ್ರಿಯೂ ಓಡುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

"ಏನು ನೋಡ್ತಾ ನಿಂತ್ರಿ? ಮಾಲು ಗಟ್ಟಿ ಆಗ್ತಿದೆ, ಕೊಡ್ರೋ!" ಎಂದು ಕೂಗಿದೆ. ಮಿಕ್ಸರ್ ತಿರುಗತೊಡಗಿತು.

ಸಂಜೆ ಆರಕ್ಕೆ ಮನೆಗೆ ಹೋದಾಗ ಹೆಂಡತಿ ಬಾಗಿಲಲ್ಲೇ ಕೂತಿದ್ದಳು. ಮಗಳು ಮಧ್ಯಾಹ್ನ ಬಂದು ಒಂದು ಪೆಟ್ಟಿಗೆ, ಹಾಳೆಗಳ ಸುರುಳಿ ತೆಗೆದುಕೊಂಡು ಹೋದಳೆಂದು ಹೇಳಿದಳು. ಎಲ್ಲಿಗೆ ಎಂದು ಕೇಳಿದೆ.

"ನಿಮಗೆ ಹೇಳಬೇಡ ಅಂದಿದಾಳೆ" ಎಂದಳು.

ಎರಡು ದಿನಕ್ಕೆ ಸಿಟ್ಟು ಇಳಿದು ಬರುತ್ತಾಳೆ ಎಂದುಕೊಂಡೆ, ನನ್ನ ಮಗಳಲ್ಲವೇ. ಎರಡು ದಿನ ಆಯಿತು. ಸೆಂಟ್ರಿಂಗ್ ಬಿಚ್ಚುವ ದಿನಕ್ಕಾದರೂ ಬರುತ್ತಾಳೆ ಎಂದುಕೊಂಡೆ, ಯಾವ ಮನೆಯದ್ದನ್ನೂ ಅವಳು ತಪ್ಪಿಸಿದವಳಲ್ಲ. ಅವತ್ತು ಹಲಗೆ ಬಿಚ್ಚಲು ಆಳುಗಳನ್ನು ಹನ್ನೊಂದು ಗಂಟೆಯ ತನಕ ಕಾಯಿಸಿದೆ. ಬರಲಿಲ್ಲ.